ಅದು ಅವಿಭಾಜ್ಯ ಅಂತ ನಿಮಗೆ ಹೇಗೆ ಗೊತ್ತು?

2147483647. ಈ ಸಂಖ್ಯೆಯ ಹತ್ತಿರ ಒಮ್ಮೆಯಾದರೂ ಎಡವದೆ ನಮ್ಮಲ್ಲಿ ಯಾರೂ ಮೊದಲ ವರ್ಷ ದಾಟಿಲ್ಲ. ಸಿ ಲ್ಯಾಬ್‌ನಲ್ಲಿ ಫ್ಯಾಕ್ಟೋರಿಯಲ್ ಪ್ರೋಗ್ರಾಮ್ ಬರೀತೀವಿ. 12ರ ತನಕ ಉತ್ತರ ಸರಿಯಾಗೇ ಬರುತ್ತೆ. 13 ಕೊಟ್ಟ ತಕ್ಷಣ 1932053504 ಅಂತ ಯಾವುದೋ ಊರಿನ ಉತ್ತರ ಬರುತ್ತೆ. ಕ್ಯಾಲ್ಕುಲೇಟರ್ ಕೇಳಿದರೆ 6227020800 ಅನ್ನುತ್ತೆ. ಪಕ್ಕದ ಸಿಸ್ಟಮ್‌ನಲ್ಲಿ ಕೂತವನು "ಓವರ್‌ಫ್ಲೋ ಕಣೋ, ಲಾಂಗ್ ಲಾಂಗ್ ಹಾಕು" ಅಂತಾನೆ. ಹಾಕ್ತೀವಿ. ರೆಕಾರ್ಡ್‌ಗೆ ಸಹಿ ಬೀಳುತ್ತೆ. ಮುಂದಿನ ಪ್ರೋಗ್ರಾಮ್.

ನಾವು ಹೀಗೆ ದಾಟಿಹೋದ ಆ ಗಡಿ, ಅಂದರೆ 32 ಬಿಟ್‌ನ ಇಂಟ್‌ನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2³¹ − 1, ಒಂದು ಅವಿಭಾಜ್ಯ ಸಂಖ್ಯೆ. ಒಂದು ಮತ್ತು ತಾನು ಬಿಟ್ಟರೆ ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗಲ್ಲ. ಈ ಮಾತನ್ನ ನಮ್ಮ ಸಂಘದ ಗೆಳೆಯರ ನಡುವೆ ಹೇಳಿದಾಗ ಬಂದ ಉತ್ತರಗಳು ಎರಡೇ. ಒಂದು, "ಹೌದಾ? ಸೂಪರ್." ಇನ್ನೊಂದು, "ಆದ್ರೆ ಏನೀಗ? ಪ್ಲೇಸ್‌ಮೆಂಟಲ್ಲಿ ಕೇಳ್ತಾರಾ?" ಕೇಳಬೇಕಾಗಿದ್ದ ಮೂರನೇ ಪ್ರಶ್ನೆಯನ್ನ ಯಾರೂ ಕೇಳಲಿಲ್ಲ: ಅದು ಅವಿಭಾಜ್ಯ ಅಂತ ನಿಮಗೆ ಹೇಗೆ ಗೊತ್ತು? ಇಂಜಿನಿಯರಿಂಗ್ ಓದೋರ ಬಾಯಲ್ಲಿ ಮೊದಲು ಬರಬೇಕಾದ್ದು ಈ ಪ್ರಶ್ನೆ ಅನ್ನೋದು ನಮ್ಮ ವಾದ. ಅದಕ್ಕೆ ದೊಡ್ಡ ಅವಿಭಾಜ್ಯ ಸಂಖ್ಯೆಗಳಿಗಿಂತ ಒಳ್ಳೆ ಪಾಠ ಇನ್ನೊಂದಿಲ್ಲ.

ಮೊದಲು ನಮ್ಮ ಮನೆಯ ಲೆಕ್ಕವನ್ನೇ ನೋಡೋಣ. ಚಿಹ್ನೆಗೆ ಒಂದು ಬಿಟ್ ಕೊಟ್ಟ ಮೇಲೆ 8 ಬಿಟ್‌ನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 127. ಅವಿಭಾಜ್ಯ. 16 ಬಿಟ್‌ನಲ್ಲಿ 32767. ಅಲ್ಲ. 32 ಬಿಟ್‌ನಲ್ಲಿ ನಮ್ಮ 2147483647. ಹೌದು. 64 ಬಿಟ್‌ನಲ್ಲಿ 9223372036854775807. ಅಲ್ಲ, ಏಳರಿಂದಲೇ ಭಾಗವಾಗುತ್ತೆ. 128 ಬಿಟ್‌ನಲ್ಲಿ 170141183460469231731687303715884105727. ಮತ್ತೆ ಹೌದು. ಹೌದು, ಅಲ್ಲ, ಹೌದು, ಅಲ್ಲ, ಹೌದು. ಯಾರೋ ಬೇಕು ಅಂತ ಜೋಡಿಸಿಟ್ಟ ಹಾಗಿದೆ, ಆದರೆ ಮುಂದೆ ಹೋದರೆ ಈ ತಾಳ ತಪ್ಪುತ್ತೆ. 2²⁵⁵ − 1, 2⁵¹¹ − 1 ಎರಡೂ ಅವಿಭಾಜ್ಯ ಅಲ್ಲ.

"ಅಲ್ಲ" ಅನ್ನೋ ಕಡೆಯ ಕಾರಣ ಪೆನ್ನು ಹಿಡಿದರೆ ಎರಡು ನಿಮಿಷದಲ್ಲಿ ಕಾಣುತ್ತೆ. 32767 ಅನ್ನ ಬೈನರಿಯಲ್ಲಿ ಬರೆದರೆ ಹದಿನೈದು ಒಂದುಗಳ ಸಾಲು. ಅದನ್ನ ಮೂರು ಮೂರಾಗಿ ಕಟ್ಟು ಹಾಕಿ: 111 111 111 111 111. ಪ್ರತಿ ಕಟ್ಟೂ 7. ಅಂದಮೇಲೆ ಇಡೀ ಸಾಲು 7ರ ಅಪವರ್ತ್ಯ ಆಗಲೇಬೇಕು. 7 × 4681. ಐದೈದಾಗಿ ಕಟ್ಟಿದರೆ 31 ಸಿಗುತ್ತೆ. 31 × 1057. ಹಾಗಾಗಿ ಒಂದುಗಳ ಎಣಿಕೆಯೇ ಸಂಯುಕ್ತ ಸಂಖ್ಯೆ ಆಗಿದ್ದರೆ ಆಟ ಅಲ್ಲಿಗೇ ಮುಗೀತು. 63 ಕೂಡ ಮೂರರಿಂದ ಭಾಗವಾಗುತ್ತೆ, ಹಾಗಾಗಿ 64 ಬಿಟ್‌ನ ಗಡಿಯೂ ಹೋಯ್ತು. ಎಣಿಕೆ ಅವಿಭಾಜ್ಯ ಆಗಿದ್ದರೆ ಮಾತ್ರ ಸಂಖ್ಯೆಗೆ ಒಂದು ಅವಕಾಶ ಇರುತ್ತೆ. ಅವಕಾಶ ಅಷ್ಟೇ, ಗ್ಯಾರಂಟಿ ಅಲ್ಲ. 11 ಅವಿಭಾಜ್ಯ, ಆದರೆ 2¹¹ − 1 ಅಂದರೆ 2047, ಅದು 23 × 89.

ಈ ರೂಪದ ಅವಿಭಾಜ್ಯಗಳಿಗೆ ಮರ್ಸೆನ್ ಅವಿಭಾಜ್ಯಗಳು ಅಂತ ಹೆಸರು. ಮರ್ಸೆನ್ ಅನ್ನೋ ಫ್ರಾನ್ಸಿನ ಪಾದ್ರಿ 1644ರಲ್ಲಿ ಒಂದು ಪಟ್ಟಿ ಕೊಟ್ಟ: ಘಾತಾಂಕ 257ರ ಒಳಗೆ 2, 3, 5, 7, 13, 17, 19, 31, 67, 127, 257, ಇವಿಷ್ಟಕ್ಕೆ ಮಾತ್ರ ಅವಿಭಾಜ್ಯ ಸಿಗುತ್ತೆ ಅಂತ. ಪಟ್ಟಿ ತಪ್ಪಿತ್ತು. 67 ಮತ್ತು 257 ಇರಬಾರದಿತ್ತು. 61, 89, 107 ಬಿಟ್ಟುಹೋಗಿದ್ದವು. ಆದರೆ ಆ ಪಟ್ಟಿಯನ್ನ ಪೂರ್ತಿ ತೀರ್ಮಾನ ಮಾಡೋಕೆ ಜಗತ್ತಿಗೆ ಮುನ್ನೂರು ವರ್ಷ ಹಿಡೀತು. ಸಾಧನೆ ಕೊಡದೆ ಹೆಸರು ಮಾತ್ರ ಉಳಿಸಿಕೊಂಡ ಅದೃಷ್ಟವಂತ.

ನಮ್ಮ 2147483647ಕ್ಕೆ ಸಾಧನೆ ಕೊಟ್ಟವನು ಆಯ್ಲರ್, 1772ರ ಹೊತ್ತಿಗೆ. ಆಗ ಅವನ ಕಣ್ಣು ಬಹುತೇಕ ಹೋಗಿತ್ತು. ಅವನು ಮಾಡಿದ್ದನ್ನ ನಮ್ಮ ಡಿಸ್ಕ್ರೀಟ್ ಮ್ಯಾಥ್ಸ್ ಪಾಠದಿಂದಲೇ ಅರ್ಥ ಮಾಡ್ಕೋಬಹುದು. ಒಂದು ಸಂಖ್ಯೆ ಅವಿಭಾಜ್ಯವೋ ಅಂತ ನೋಡೋಕೆ ಅದರ ವರ್ಗಮೂಲದ ತನಕ ಇರುವ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಇಲ್ಲಿ ವರ್ಗಮೂಲ ಸುಮಾರು 46,341. ಅದರ ಕೆಳಗೆ ಅವಿಭಾಜ್ಯಗಳು ಸುಮಾರು 4,800. ಕೈಯಲ್ಲಿ 4,800 ಭಾಗಾಕಾರ! ಆದರೆ ಫರ್ಮಾನ ಕಿರು ಪ್ರಮೇಯ ಇಲ್ಲಿ ಕೈ ಹಿಡಿಯುತ್ತೆ. 2³¹ − 1 ಅನ್ನ ಭಾಗಿಸುವ ಯಾವ ಅವಿಭಾಜ್ಯವೇ ಇರಲಿ, ಅದರಿಂದ ಒಂದು ಕಳೆದರೆ ಉಳಿಯೋದು 62ರ ಅಪವರ್ತ್ಯ ಆಗಿರಲೇಬೇಕು. 2047ರಲ್ಲೇ ಪರೀಕ್ಷೆ ಮಾಡಿ: ಅಲ್ಲಿ 62ರ ಬದಲು 22; 23 ಅಂದರೆ 22 + 1, 89 ಅಂದರೆ 88 + 1. ಸರಿ ಹೋಯ್ತಲ್ಲ? ಇದರ ಜೊತೆ, ಆ ಭಾಜಕವನ್ನ 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಮಾತ್ರ ಬರಬೇಕು ಅನ್ನೋ ಇನ್ನೊಂದು ನಿಯಮ. ಎರಡೂ ಸೇರಿದಾಗ 4,800ರಲ್ಲಿ ಉಳಿದದ್ದು ಬರೀ 84. ಎಂಬತ್ನಾಲ್ಕು ಭಾಗಾಕಾರ. ಒಂದು ಮಧ್ಯಾಹ್ನದ ಕೆಲಸ.

ಇಲ್ಲಿ ಸ್ವಲ್ಪ ನಿಲ್ಲಿ ಅಂತ ಕೇಳ್ಕೋತೀವಿ. ನಮ್ಮಲ್ಲಿ ಹೆಚ್ಚಿನವರು ಮಾಡೋದೇನು? ಲೂಪ್ ಬರೆದು ಓಡಿಸೋದು. ಅದು ತಪ್ಪಲ್ಲ. ಆದರೆ ಲೂಪ್‌ಗೆ ಏನು ಕೊಡಬಾರದು ಅಂತ ಮೊದಲೇ ಗೊತ್ತಿದ್ದರೆ 4,800 ಅನ್ನೋದು 84 ಆಗುತ್ತೆ. ಆಪ್ಟಿಮೈಸೇಶನ್ ಅನ್ನೋ ಪದ ಹುಟ್ಟೋ ಮುಂಚಿನ ಆಪ್ಟಿಮೈಸೇಶನ್ ಇದು.

ಈಗ 128 ಬಿಟ್‌ನ ಗಡಿಗೆ ಬನ್ನಿ. ಈ ಲೇಖನದ ನಿಜವಾದ ನಾಯಕ ಅವನೇ, 39 ಅಂಕಿಯ 2¹²⁷ − 1. ಇದರ ವರ್ಗಮೂಲ ಸುಮಾರು 1.3 × 10¹⁹. ಸೆಕೆಂಡಿಗೆ ನೂರು ಕೋಟಿ ಭಾಗಾಕಾರ ಮಾಡೋ ಯಂತ್ರ ತಂದು ಒಂದೊಂದೇ ಸಂಖ್ಯೆಯಿಂದ ಭಾಗಿಸುತ್ತಾ ಕೂತರೂ ನಾನೂರು ವರ್ಷ ದಾಟುತ್ತೆ. ಆಯ್ಲರನ ಎರಡು ಜರಡಿ ಹಿಡಿದರೂ ಹತ್ತು ತಿಂಗಳಿನಷ್ಟು ಕೆಲಸ, ಅದೂ ಯಂತ್ರಕ್ಕೆ. ಆದರೆ ಇದು ಅವಿಭಾಜ್ಯ ಅಂತ ಎದ್ವಾರ್ ಲ್ಯುಕಾ ಅನ್ನೋ ಫ್ರೆಂಚ್ ಮೇಷ್ಟ್ರು 1876ರಲ್ಲಿ ತೋರಿಸಿಬಿಟ್ಟ. ಕೈಯಲ್ಲಿ. ಕಂಪ್ಯೂಟರ್ ಇರಲಿ, ಮೇಜಿನ ಮೇಲಿನ ಲೆಕ್ಕದ ಯಂತ್ರವೂ ಇಲ್ಲದೆ.

ಅವನ ಉಪಾಯ ಏನಂದರೆ, ಭಾಗಿಸೋದನ್ನೇ ಬಿಟ್ಟುಬಿಡೋದು. ಮುಂದೆ 1930ರಲ್ಲಿ ಅಮೆರಿಕದ ಲೆಹ್ಮರ್ ಇದನ್ನ ಚೊಕ್ಕ ಮಾಡಿದ ರೂಪದಲ್ಲಿ ಹೇಳ್ತೀವಿ. 4ರಿಂದ ಶುರು ಮಾಡಿ. ವರ್ಗ ಮಾಡಿ, 2 ಕಳೆಯಿರಿ, ಪರೀಕ್ಷೆಗೆ ಇಟ್ಟ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಕೊಳ್ಳಿ. ಆ ಶೇಷಕ್ಕೆ ಮತ್ತೆ ಅದೇ. ಘಾತಾಂಕಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. ಬಹುಶಃ ಅಲ್ಲ, ಹೆಚ್ಚುಕಮ್ಮಿ ಅಲ್ಲ, ಖಂಡಿತ ಅಲ್ಲ.

127ಕ್ಕೆ ಮಾಡೋಣ, ಘಾತಾಂಕ 7, ಹಾಗಾಗಿ ಐದು ಹೆಜ್ಜೆ. 4ರ ವರ್ಗ 16, ಎರಡು ಕಳೆದರೆ 14. 14ರ ವರ್ಗ 196, ಎರಡು ಕಳೆದರೆ 194, ಶೇಷ 67. 67ರಿಂದ 4487, ಶೇಷ 42. 42ರಿಂದ 1762, ಶೇಷ 111. 111ರಿಂದ 12319, ಅದು ಸರಿಯಾಗಿ 127 × 97. ಶೇಷ ಸೊನ್ನೆ. ಮುಗೀತು. ಇದನ್ನೇ 2047ಕ್ಕೆ ಒಂಬತ್ತು ಹೆಜ್ಜೆ ಮಾಡಿದರೆ 14, 194, 788, 701, 119, 1877, 240, 282 ಅಂತ ಹೋಗಿ 1736ಕ್ಕೆ ನಿಲ್ಲುತ್ತೆ. ಸೊನ್ನೆ ಇಲ್ಲ. ಹಾಗಾಗಿ ಅವಿಭಾಜ್ಯ ಅಲ್ಲ. ಗಮನಿಸಿ, 23 ಆಗಲಿ 89 ಆಗಲಿ ಈ ದಾರಿಯಲ್ಲಿ ಎಲ್ಲೂ ನಮಗೆ ಸಿಗಲಿಲ್ಲ. ಅಪವರ್ತನ ಕಾಣದೆಯೇ "ಇದಕ್ಕೆ ಅಪವರ್ತನ ಇದೆ" ಅಂತ ಗೊತ್ತಾಯ್ತು. ಈ ಮಾತಿಗೆ ಮತ್ತೆ ಬರ್ತೀವಿ.

2¹²⁷ − 1ಕ್ಕೆ ಬೇಕಾದ್ದು 125 ಹೆಜ್ಜೆ. 10¹⁶ ಗಟ್ಟಲೆ ಭಾಗಾಕಾರ ಎಲ್ಲಿ, 125 ವರ್ಗ ಎಲ್ಲಿ! ಹಾಗಂತ ಸುಲಭ ಅಲ್ಲ. ಪ್ರತಿ ಹೆಜ್ಜೆಯಲ್ಲೂ 39 ಅಂಕಿಯ ಸಂಖ್ಯೆಯ ವರ್ಗ, ಆಮೇಲೆ ಭಾಗಾಕಾರ. ಆ ಭಾಗಾಕಾರವನ್ನೂ ಅವನು ತಪ್ಪಿಸಿದ. ಪ್ರೈಮರಿಯಲ್ಲಿ ಮೇಷ್ಟ್ರು 9ರ ಶೇಷಕ್ಕೆ ಅಂಕಿಗಳನ್ನ ಕೂಡಿಸಿ ಅಂತ ಹೇಳಿಕೊಟ್ಟಿದ್ದು ನೆನಪಿದೆಯಾ? 9 ಅಂದರೆ ಹತ್ತಕ್ಕೆ ಒಂದು ಕಡಿಮೆ, ಅದಕ್ಕೇ ಆ ಉಪಾಯ ನಡೆಯುತ್ತೆ. 2¹²⁷ − 1 ಅನ್ನೋದು ಬೈನರಿಯ ಒಂಬತ್ತು ಇದ್ದ ಹಾಗೆ. ಸಂಖ್ಯೆಯನ್ನ ಬಲದಿಂದ 127 ಬಿಟ್‌ಗೆ ಕತ್ತರಿಸಿ, ಎಡಕ್ಕೆ ಉಳಿದ ತುಂಡನ್ನ ಕೆಳಗೆ ತಂದು ಕೂಡಿಸಿದರೆ ಶೇಷ ಬಂತು. ಮೇಲಿನ ಲೆಕ್ಕದಲ್ಲೇ ನೋಡಿ: 4487 ಅಂದರೆ 35 × 128 + 7; 35 + 7 = 42. ಭಾಗಾಕಾರವೇ ಇಲ್ಲ. ಶಿಫ್ಟ್ ಮಾಡು, ಕೂಡಿಸು. ಪ್ರೊಸೆಸರ್ ಒಳಗೆ ಭಾಗಾಕಾರದ ಸೂಚನೆ ಎಷ್ಟು ದುಬಾರಿ ಅಂತ ಕಂಪ್ಯೂಟರ್ ಆರ್ಗನೈಸೇಶನ್‌ನಲ್ಲಿ ಓದಿರೋರಿಗೆ ಇದರ ಬೆಲೆ ಗೊತ್ತಾಗುತ್ತೆ.

ಲ್ಯುಕಾ ಇದನ್ನ ಚದುರಂಗದ ಹಾಸಿನಂಥ 127 × 127 ಮನೆಗಳ ಹಾಸಿನ ಮೇಲೆ ಆಡುವ ಆಟದ ಹಾಗೆ ಜೋಡಿಸಿದ. ಕಾಯಿ ಇದ್ದರೆ 1, ಇಲ್ಲದಿದ್ದರೆ 0. ವರ್ಗ ಮಾಡೋದು ಅಂದರೆ ಒಂದೇ ಸಾಲನ್ನ ಒಂದೊಂದು ಮನೆ ಜರುಗಿಸಿ ಮತ್ತೆ ಮತ್ತೆ ಇಡೋದು. ಎಡದಿಂದ ಆಚೆ ಬಿದ್ದ ಕಾಯಿ ಬಲದಿಂದ ಒಳಗೆ ಬರುತ್ತೆ. ಮನುಷ್ಯ ತಾನೇ ಶಿಫ್ಟ್ ರಿಜಿಸ್ಟರ್ ಆಗಿ ಕೂತಿದ್ದ ಅಂತ ಇಟ್ಕೊಳ್ಳಿ.

ಅಂದಹಾಗೆ ಈ ಲ್ಯುಕಾ ನಮಗೆ ಹೊಸಬ ಅಲ್ಲ. ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ರಿಕರ್ಷನ್ ಅಂದಕೂಡಲೇ ಎದುರಾಗೋ ಟವರ್ ಆಫ್ ಹನೋಯ್, ಅದನ್ನ 1883ರಲ್ಲಿ ಆಟಿಕೆಯಾಗಿ ಹೊರತಂದವನು ಅವನೇ. ಬಿಲ್ಲೆಗಳ ಸಂಖ್ಯೆ 7 ಇದ್ದರೆ ಕನಿಷ್ಠ 127 ನಡೆ, 31 ಇದ್ದರೆ 2147483647 ನಡೆ. ವೈವಾದಲ್ಲಿ "ಎಷ್ಟು ಮೂವ್ಸ್?" ಅಂತ ಕೇಳಿದಾಗ ಎರಡರ ಘಾತದಲ್ಲಿ ಒಂದು ಕಳೆದದ್ದು ಅಂತ ಪಟಪಟ ಹೇಳ್ತೀವಲ್ಲ, ಅದು ಇದೇ ಸಂಖ್ಯೆಗಳ ಕುಟುಂಬ. ಸಿಲಬಸ್‌ನಲ್ಲಿ ಅವು ಬೇರೆ ಬೇರೆ ಸೆಮಿಸ್ಟರ್‌ನಲ್ಲಿ ಇವೆ, ಬೇರೆ ಬೇರೆ ಮೇಷ್ಟ್ರ ಹತ್ತಿರ ಇವೆ, ಹಾಗಾಗಿ ನಮ್ಮ ತಲೆಯಲ್ಲೂ ಬೇರೆ ಬೇರೆ ಗೂಡಲ್ಲಿ ಕೂತಿವೆ. ಇದು ನಮ್ಮ ತಕರಾರು. ಯಾರೂ ಈ ಗೂಡುಗಳ ಮಧ್ಯೆ ಒಂದು ಕಿಟಕಿ ತೆಗೆಯಲ್ಲ.

2¹²⁷ − 1 ಮುಂದಿನ 75 ವರ್ಷ ಜಗತ್ತಿಗೆ ಗೊತ್ತಿದ್ದ ಅತಿ ದೊಡ್ಡ ಅವಿಭಾಜ್ಯವಾಗಿ ಉಳೀತು. 1951ರಲ್ಲಿ ಆ ದಾಖಲೆ ಮುರೀತು. ಅದೇ ವರ್ಷ ಕೇಂಬ್ರಿಜ್‌ನ ಎಡ್ಸಾಕ್ ಕಂಪ್ಯೂಟರಿನಲ್ಲಿ ಸಿಕ್ಕ 79 ಅಂಕಿಯ ಅವಿಭಾಜ್ಯವನ್ನ ಕಟ್ಟಿದ್ದೂ ಈ ಲ್ಯುಕಾ ಸಂಖ್ಯೆಯ ವರ್ಗದ ಮೇಲೆಯೇ. 1952ರ ಜನವರಿಯಲ್ಲಿ ರಾಬಿನ್ಸನ್ ಅಮೆರಿಕದ ಸ್ವಾಕ್ ಯಂತ್ರಕ್ಕೆ ಲ್ಯುಕಾ–ಲೆಹ್ಮರ್ ಪರೀಕ್ಷೆಯ ಪ್ರೋಗ್ರಾಮ್ ಬರೆದು ಕೊಟ್ಟರು. ಆ ಯಂತ್ರವನ್ನ ನೋಡದೆಯೇ ಬರೆದರಂತೆ, ಮೊದಲ ಸಲಕ್ಕೇ ಸರಿಯಾಗಿ ಓಡಿತಂತೆ. (ನಮ್ಮ ಲ್ಯಾಬ್‌ನಲ್ಲಿ ಸೆಮಿಕೋಲನ್‌ಗೇ ಅರ್ಧ ಗಂಟೆ ಹೋಗುತ್ತೆ.) ಅಲ್ಲಿ ಸಿಕ್ಕ ಮೊದಲ ಸಂಖ್ಯೆ 2⁵²¹ − 1. ಅದನ್ನ ನೆನಪಿಟ್ಕೊಳ್ಳಿ.

ಅಲ್ಲಿಂದೀಚೆಗೆ ದಾಖಲೆ ಮೇಲೆ ದಾಖಲೆ. 2024ರ ಅಕ್ಟೋಬರ್‌ನಲ್ಲಿ ಲ್ಯೂಕ್ ಡ್ಯುರಾಂಟ್ ಅನ್ನೋರು ಗ್ರಾಫಿಕ್ಸ್ ಕಾರ್ಡ್‌ಗಳ ದೊಡ್ಡ ಪಡೆಯನ್ನೇ ಕ್ಲೌಡ್‌ನಲ್ಲಿ ಹೂಡಿ 2ರ 13,62,79,841ನೇ ಘಾತದಿಂದ ಒಂದು ಕಳೆದ ಸಂಖ್ಯೆ ಅವಿಭಾಜ್ಯ ಅಂತ ಕಂಡುಹಿಡಿದರು. 4,10,24,320 ಅಂಕಿಗಳು. ಗೊತ್ತಿರೋ ಮರ್ಸೆನ್ ಅವಿಭಾಜ್ಯಗಳಲ್ಲಿ 52ನೇದು. ಆ ವಾರ ನಮ್ಮ ಎಲ್ಲ ಗ್ರೂಪ್‌ಗಳಲ್ಲೂ ಸುದ್ದಿ ಹರಿದಾಡಿತು. ಸಂತೋಷ. ಆದರೆ ಅದರ ಜೊತೆ ಬಾಲದ ಹಾಗೆ ಒಂದು ವಾಕ್ಯವೂ ಹರಿದಾಡಿತು: ಇಂಥ ದೊಡ್ಡ ಅವಿಭಾಜ್ಯಗಳೇ ನಿಮ್ಮ ಬ್ಯಾಂಕ್ ಖಾತೆಯನ್ನ ಕಾಯ್ತಿರೋದು ಅಂತ. ಪ್ರತಿ ಟೆಕ್ ಫೆಸ್ಟ್‌ನ ಪೋಸ್ಟರ್‌ನಲ್ಲೂ ಇದು ಇರುತ್ತೆ. ಇದಕ್ಕೆ ನಮ್ಮ ಖಡಾಖಂಡಿತ ವಿರೋಧ ಇದೆ.

ಯಾಕಂದರೆ ಅದು ಸುಳ್ಳು. ಆರ್‌ಎಸ್‌ಎ ನಡೆಯೋದು ಗುಟ್ಟಿನ ಮೇಲೆ. ಎರಡು ಅವಿಭಾಜ್ಯಗಳನ್ನ ಗುಣಿಸಿ ಗುಣಲಬ್ಧವನ್ನ ಊರಿಗೆಲ್ಲ ಹೇಳ್ತೀವಿ, ಆ ಎರಡನ್ನ ಮಾತ್ರ ಹೇಳಲ್ಲ. 2048 ಬಿಟ್‌ನ ಕೀಲಿಯಲ್ಲಿ ಒಂದೊಂದು ಅವಿಭಾಜ್ಯ ಸುಮಾರು 308 ಅಂಕಿ ಇರುತ್ತೆ, ನಾಲ್ಕು ಕೋಟಿ ಅಲ್ಲ. ಜಗತ್ತಿಗೆಲ್ಲ ಗೊತ್ತಿರೋ 52 ಮರ್ಸೆನ್ ಅವಿಭಾಜ್ಯಗಳಲ್ಲಿ ಒಂದನ್ನ ಅಲ್ಲಿ ಇಟ್ಟರೆ, ಮನೆಗೆ ಬೀಗ ಹಾಕಿ ಕೀಲಿಯನ್ನ ಬಾಗಿಲ ಮೊಳೆಗೇ ನೇತುಹಾಕಿದ ಹಾಗೆ. ಕಳ್ಳ 52 ಸಲ ಭಾಗಿಸಿ ನೋಡಿದರೆ ಸಾಕು.

ಆ 308 ಅಂಕಿಯವು ಎಲ್ಲಿಂದ ಬರುತ್ತವೆ? ಆ ಗಾತ್ರದಲ್ಲಿ ಸುಮಾರು 700 ಸಂಖ್ಯೆಗೆ ಒಂದು ಅವಿಭಾಜ್ಯ ಇರುತ್ತೆ. ಯಾದೃಚ್ಛಿಕವಾಗಿ ಒಂದು ಬೆಸ ಸಂಖ್ಯೆ ಹಿಡಿದು ಪರೀಕ್ಷೆ ಮಾಡ್ತಾ ಹೋದರೆ ಕೆಲವು ನೂರು ಪ್ರಯತ್ನದಲ್ಲಿ ಸಿಕ್ಕೇ ಸಿಗುತ್ತೆ. ಪರೀಕ್ಷೆ ಸಾಮಾನ್ಯವಾಗಿ ಮಿಲ್ಲರ್–ರಾಬಿನ್. ಅದು ಲ್ಯುಕಾನ ಪರೀಕ್ಷೆಯ ಹಾಗೆ ಖಡಾಖಂಡಿತ ಹೇಳಲ್ಲ. ಸಂಯುಕ್ತ ಸಂಖ್ಯೆ ಒಂದು ಸುತ್ತಿನಲ್ಲಿ ತಪ್ಪಿಸಿಕೊಳ್ಳುವ ಸಾಧ್ಯತೆ ಹೆಚ್ಚೆಂದರೆ ನಾಲ್ಕರಲ್ಲಿ ಒಂದು. ಹತ್ತು ಸುತ್ತು ಮಾಡಿದರೆ ಹತ್ತು ಲಕ್ಷದಲ್ಲಿ ಒಂದಕ್ಕಿಂತ ಕಡಿಮೆ. "ಬಹುಶಃ ಅವಿಭಾಜ್ಯ" ಅನ್ನೋ ಮಾತಿಗೆ ಇಷ್ಟು ಕರಾರುವಾಕ್ಕಾದ ಅರ್ಥ ಇದೆ. ಇದನ್ನ ನಾವು ತುಂಬಾ ಮೆಚ್ಚಿಕೊಳ್ತೀವಿ. ತಪ್ಪಾಗಬಹುದು, ಆದರೆ ಎಷ್ಟರ ಮಟ್ಟಿಗೆ ತಪ್ಪಾಗಬಹುದು ಅಂತ ಮೊದಲೇ ಹೇಳಿರೋದು. ಚಾಟ್‌ಬಾಟ್ ಹತ್ರ "ಇದು ಪ್ರೈಮಾ?" ಅಂತ ಕೇಳಿ "ಹೌದು" ಅನ್ನೋ ಉತ್ತರವನ್ನ ಅಸೈನ್‌ಮೆಂಟ್‌ಗೆ ಅಂಟಿಸ್ತೀವಲ್ಲ, ಆ "ಹೌದು"ಗೆ ಇಂಥ ಯಾವ ಲೆಕ್ಕವೂ ಅಂಟಿಕೊಂಡಿರಲ್ಲ.

ಈಗ ಆ ಬಿಟ್ಟ ಮಾತು. ಅವಿಭಾಜ್ಯ ಅಲ್ಲ ಅಂತ ತಿಳಿಯೋದು ಸುಲಭ, ಅಪವರ್ತನ ಹುಡುಕೋದು ಕಷ್ಟ. ಲ್ಯುಕಾ 1876ರಲ್ಲೇ ತನ್ನ ವಿಧಾನದಿಂದ 2⁶⁷ − 1 ಅವಿಭಾಜ್ಯ ಅಲ್ಲ ಅಂತ ತೋರಿಸಿದ್ದ. ಮರ್ಸೆನ್ ಪಟ್ಟಿಯ ಒಂದು ಹುಳುಕು ಹಾಗೆ ಹೊರಬಂತು. ಆದರೆ ಯಾವುದರಿಂದ ಭಾಗವಾಗುತ್ತೆ ಅಂತ 27 ವರ್ಷ ಯಾರಿಗೂ ಗೊತ್ತಿರಲಿಲ್ಲ. 1903ರಲ್ಲಿ ಅಮೆರಿಕದ ಫ್ರಾಂಕ್ ಕೋಲ್ 193707721 × 761838257287 ಅಂತ ತೋರಿಸಿದರು. ಮೂರು ವರ್ಷದ ಭಾನುವಾರಗಳು ಹೋದವು ಅಂತ ಅವರು ಹೇಳಿದ್ದಾಗಿ ಕತೆ ಇದೆ. ಗುಣಿಸಿ ನೋಡೋಕೆ ನಮಗೆ ಐದು ನಿಮಿಷ ಸಾಕು. ಆರ್‌ಎಸ್‌ಎಯ ಇಡೀ ಭದ್ರತೆ ನಿಂತಿರೋದು ಆ ಮೂರು ವರ್ಷಕ್ಕೂ ಈ ಐದು ನಿಮಿಷಕ್ಕೂ ಇರೋ ಅಂತರದ ಮೇಲೆ. 2020ರಲ್ಲಿ 250 ಅಂಕಿಯ ಒಂದು ಆರ್‌ಎಸ್‌ಎ ಸವಾಲಿನ ಸಂಖ್ಯೆಯನ್ನ ಒಡೆಯೋಕೆ ಸುಮಾರು 2,700 ಕೋರ್-ವರ್ಷದಷ್ಟು ಗಣನೆ ಬೇಕಾಯ್ತು. ನಮ್ಮ ಪರೀಕ್ಷೆಯಲ್ಲಿ 3 ಮತ್ತು 11 ಕೊಟ್ಟು ಆರ್‌ಎಸ್‌ಎ ಲೆಕ್ಕ ಮಾಡಿಸ್ತಾರೆ. 33ರ ಅಪವರ್ತನ ಯಾರಿಗೆ ಕಷ್ಟ? ಹತ್ತು ಅಂಕ ಬರುತ್ತೆ, ಆದರೆ ಭದ್ರತೆ ಎಲ್ಲಿದೆ ಅಂತ ಮಾತ್ರ ಗೊತ್ತಾಗಲ್ಲ.

ಹಾಗಾದರೆ ಮರ್ಸೆನ್ ಅವಿಭಾಜ್ಯಗಳಿಗೆ ಉಪಯೋಗವೇ ಇಲ್ವಾ? ಇದೆ. ಆದರೆ ಪೋಸ್ಟರ್ ಹೇಳೋ ಕಾರಣಕ್ಕಲ್ಲ. ಎಲಿಪ್ಟಿಕ್ ಕರ್ವ್ ಕ್ರಿಪ್ಟೋಗ್ರಫಿಯಲ್ಲಿ ಒಂದು ಅವಿಭಾಜ್ಯದ ಶೇಷಗಳ ಲೋಕದಲ್ಲಿ ಲೆಕ್ಕ ನಡೆಯುತ್ತೆ, ಆ ಅವಿಭಾಜ್ಯವನ್ನ ಎಲ್ಲರಿಗೂ ತಿಳಿಸಿಯೇ ಇಡ್ತಾರೆ. ಗುಟ್ಟು ಬೇರೆ ಕಡೆ ಇರುತ್ತೆ. ಅಲ್ಲಿ ಬೇಕಾದ್ದು ಶೇಷ ಬೇಗ ಸಿಗುವ ಅವಿಭಾಜ್ಯ. ಶಿಫ್ಟ್ ಮಾಡು, ಕೂಡಿಸು! ಪಿ-521 ಅನ್ನೋ ಪ್ರಮಾಣಿತ ಕರ್ವ್ ನಿಂತಿರೋದು 1952ರಲ್ಲಿ ಸ್ವಾಕ್ ಯಂತ್ರ ಹೆಕ್ಕಿಕೊಟ್ಟ ಅದೇ 2⁵²¹ − 1 ಮೇಲೆ. 2015ರಲ್ಲಿ ಬಂದ ಫೋರ್‌ಕ್ಯೂ ಅನ್ನೋ ವೇಗದ ಕರ್ವ್‌ಗೆ ಆರಿಸಿಕೊಂಡದ್ದು ಲ್ಯುಕಾನ 2¹²⁷ − 1. ನಮ್ಮ ಫೋನ್‌ಗಳಲ್ಲಿ ಮೆಸೇಜು ಕಳಿಸುವಾಗ ಹಿನ್ನೆಲೆಯಲ್ಲಿ ಕೆಲಸ ಮಾಡೋ ಕರ್ವ್ 25519ರ ಹೆಸರು ಬಂದದ್ದೇ 2²⁵⁵ − 19ರಿಂದ. ಅದು ಮರ್ಸೆನ್ ಅಲ್ಲ, ಆದರೆ ಎರಡರ ಘಾತಕ್ಕೆ ಅಷ್ಟು ಹತ್ತಿರ ಇರೋದನ್ನ ಹುಡುಕಿ ಇಟ್ಟದ್ದು ಇದೇ ಉಪಾಯಕ್ಕೆ. ಕಾಯಿ ಜರುಗಿಸುತ್ತಾ ಕೂತಿದ್ದ ಮೇಷ್ಟ್ರಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವನು ಅದಕ್ಕಾಗಿ ಮಾಡಲೂ ಇಲ್ಲ. 41 ಮಿಲಿಯನ್ ಅಂಕಿಯ ಸಂಖ್ಯೆಗೆ ಇವತ್ತು ಯಾವ ಉಪಯೋಗವೂ ಇಲ್ಲ ಅಂತ ನೇರವಾಗಿ ಹೇಳೋಕೆ ನಾವ್ಯಾಕೆ ನಾಚಿಕೋಬೇಕು? ಹುಡುಕೋ ದಾರಿಯಲ್ಲಿ ದೊಡ್ಡ ಗುಣಾಕಾರವನ್ನ ಬೇಗ ಮಾಡೋ ಪ್ರೋಗ್ರಾಮ್ ಬಂತು, ಆ ಪ್ರೋಗ್ರಾಮನ್ನ ಪ್ರೊಸೆಸರ್‌ಗಳನ್ನ ದಣಿಸಿ ಪರೀಕ್ಷಿಸೋಕೆ ಜನ ಬಳಸ್ತಾರೆ, ಅಷ್ಟು ಸಾಕು. ಬ್ಯಾಂಕಿನ ಹೆಸರು ಹೇಳಿ ಗಣಿತ ಮಾರೋ ಅಗತ್ಯ ಇಲ್ಲ.

ಇದನ್ನೆಲ್ಲ ಕನ್ನಡ ಸಂಘದ ಪತ್ರಿಕೆಯಲ್ಲಿ ಯಾಕೆ ಬರೀತಿದ್ದೀವಿ ಅಂತ ಕೇಳೋರು ಇದ್ದಾರೆ. ಕವಿತೆ, ಸಿನಿಮಾ, ರಾಜ್ಯೋತ್ಸವ ಬಿಟ್ಟು ಇದೇನು ಅಂತ. ಕಾರಣ ಇದೆ. ನಮ್ಮಲ್ಲಿ ಹತ್ತನೇ ತರಗತಿ ತನಕ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಕಮ್ಮಿ ಏನಿಲ್ಲ. ಅವಿಭಾಜ್ಯ, ಅಪವರ್ತನ, ಮಸಾಅ, ಲಸಾಅ ಇವೆಲ್ಲ ಅವರಿಗೆ ನೀರು ಕುಡಿದ ಹಾಗೆ ಗೊತ್ತು. ಮೊದಲ ವರ್ಷದ ಕ್ಲಾಸಲ್ಲಿ "ಪ್ರೈಮ್", "ಜಿಸಿಡಿ", "ಕನ್‌ಗ್ರುಯೆನ್ಸ್" ಅಂತ ಸುರಿಮಳೆ ಆದಾಗ ಗೊತ್ತಿರೋ ವಿಷಯವೇ ಗೊತ್ತಿಲ್ಲದ ಹಾಗೆ ಕಾಣುತ್ತೆ, ಬಾಯಿ ಕಟ್ಟಿಹೋಗುತ್ತೆ. ಎರಡು ಸೆಮಿಸ್ಟರ್ ಹಾಗೇ ಹೋದರೆ ಆಮೇಲೆ "ನಂಗೆ ಮ್ಯಾಥ್ಸ್ ಬರಲ್ಲ" ಅಂತ ಅವರೇ ನಂಬಿಬಿಡ್ತಾರೆ. ಅವಿಭಾಜ್ಯ ಅನ್ನೋ ಪದದಲ್ಲೇ ಅದರ ಅರ್ಥ ಇದೆ, ಭಾಗವಾಗದ್ದು ಅಂತ. ಪ್ರೈಮ್ ಅನ್ನೋ ಪದಕ್ಕೆ ಆ ಭಾಗ್ಯ ಇಲ್ಲ. ಇಂಗ್ಲಿಷ್ ಬೇಡ ಅಂತ ನಾವು ಹೇಳ್ತಿಲ್ಲ, ಪೇಪರ್ ಬರೆಯೋದು ಅದರಲ್ಲೇ. ಆದರೆ ಗೆಳೆಯರಿಗೆ ಲೆಕ್ಕ ವಿವರಿಸುವಾಗ, ರಾತ್ರಿ ಹಾಸ್ಟೆಲ್ ರೂಮಲ್ಲಿ, ಇದ್ದ ಪದವನ್ನ ಬಿಸಾಡಿ ಬರದ ಪದಕ್ಕೆ ತಡಕಾಡೋದು ಯಾವ ಜಾಣತನ?

ಇನ್ನೂ ಒಂದು ಮಾತು, "ಇದೆಲ್ಲ ದೊಡ್ಡ ದೊಡ್ಡ ಗಣಿತಜ್ಞರ ಕೆಲಸ, ನಮ್ಮಂಥ ಬಿಟೆಕ್‌ನವರದ್ದಲ್ಲ" ಅನ್ನೋರಿಗೆ. ಯಾವುದೇ ಸಂಖ್ಯೆ ಕೊಟ್ಟರೂ, ಮರ್ಸೆನ್ ರೂಪದಲ್ಲೇ ಇರಬೇಕು ಅಂತಿಲ್ಲದೆ, ಅದು ಅವಿಭಾಜ್ಯವೋ ಅಲ್ಲವೋ ಅಂತ ಪಾಲಿನಾಮಿಯಲ್ ಸಮಯದಲ್ಲಿ ಖಚಿತವಾಗಿ ಹೇಳೋ ಅಲ್ಗಾರಿದಮ್ ಇದೆ ಅಂತ 2002ರಲ್ಲಿ ಮೊದಲು ತೋರಿಸಿದ್ದು ಐಐಟಿ ಕಾನ್ಪುರದ ಮೂವರು. ಒಬ್ಬರು ಮೇಷ್ಟ್ರು, ಮಣೀಂದ್ರ ಅಗ್ರವಾಲ್. ಇನ್ನಿಬ್ಬರು, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ, ಅದೇ ವರ್ಷ ಬಿಟೆಕ್ ಮುಗಿಸಿದ್ದ ಹುಡುಗರು. ಅವರ ಬಿಟೆಕ್ ಪ್ರಾಜೆಕ್ಟಿನ ಕೆಲಸವೇ ಅದಕ್ಕೆ ದಾರಿ ಮಾಡಿಕೊಟ್ಟಿತ್ತು. 2006ರಲ್ಲಿ ಅವರಿಗೆ ಗೊಡೆಲ್ ಪ್ರಶಸ್ತಿ ಬಂತು. ಕಯಾಲ್ ಆಮೇಲೆ ನಮ್ಮ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ಗೇ ಬಂದು ಸೇರಿದರು. ನಮ್ಮ ಪ್ರಾಜೆಕ್ಟ್‌ಗಳು ಎಲ್ಲಿಂದ ಬರುತ್ತವೆ, ಎಷ್ಟು ಸಾವಿರಕ್ಕೆ ಬರುತ್ತವೆ ಅನ್ನೋದು ಎಲ್ಲರಿಗೂ ಗೊತ್ತಿರೋ ವಿಷಯ, ಅದನ್ನ ಇಲ್ಲಿ ಬರೆಯೋದು ಬೇಡ. (ಮರ್ಸೆನ್ ಸಂಖ್ಯೆಗಳಿಗೆ ಮಾತ್ರ ಲ್ಯುಕಾನ ಹಳೇ ಪರೀಕ್ಷೆಯೇ ಇದಕ್ಕಿಂತ ಎಷ್ಟೋ ವೇಗ. ಹೊಸದು ಎಲ್ಲ ಕಡೆಗೂ ಸಲ್ಲುತ್ತೆ, ಹಳೇದು ಒಂದೇ ಕಡೆ ಓಡುತ್ತೆ.)

ಇನ್ನು 2¹²⁷ − 1ರ ಒಂದು ಗುಣ ಹೇಳದೆ ಬಿಟ್ಟರೆ ಅನ್ಯಾಯ ಆಗುತ್ತೆ. 2ರಿಂದ ಶುರು ಮಾಡಿ. ಎರಡರ ಎರಡನೇ ಘಾತದಿಂದ ಒಂದು ಕಳೆದರೆ 3. ಎರಡರ ಮೂರನೇ ಘಾತದಿಂದ ಒಂದು ಕಳೆದರೆ 7. ಏಳನೇ ಘಾತದಿಂದ 127. ನೂರಿಪ್ಪತ್ತೇಳನೇ ಘಾತದಿಂದ ನಮ್ಮ ನಾಯಕ. ಎಲ್ಲವೂ ಅವಿಭಾಜ್ಯ. ಹಾಗಾದರೆ ಮುಂದಿನದು? ಲ್ಯುಕಾ ಫಲಿತಾಂಶ ಹೇಳಿದ ವರ್ಷವೇ ಕ್ಯಾಟಲಾನ್ ಅನ್ನೋ ಗಣಿತಜ್ಞ ಈ ಸರಪಳಿಯನ್ನ ಎತ್ತಿ ತೋರಿಸಿದ. ಉತ್ತರ ಇವತ್ತಿಗೂ ಯಾರ ಹತ್ರವೂ ಇಲ್ಲ. ಆ ಸಂಖ್ಯೆಯ ಅಂಕಿಗಳ ಎಣಿಕೆಯೇ ಸುಮಾರು 5 × 10³⁷. ಅದನ್ನ ಬರೆದಿಡೋಕೆ ಭೂಮಿ ಮೇಲಿನ ಎಲ್ಲ ಹಾರ್ಡ್‌ಡಿಸ್ಕ್ ಸೇರಿಸಿದರೂ ಜಾಗ ಸಾಲಲ್ಲ, ಹಾಗಾಗಿ ಲ್ಯುಕಾ–ಲೆಹ್ಮರ್ ಪರೀಕ್ಷೆಯ ಮೂರು-ನಾಲ್ಕು ಡಜನ್‌ ಹೆಜ್ಜೆ ದಾಟೋದೂ ಕನಸಿನ ಮಾತು. ಅದಕ್ಕೆ ಅಪವರ್ತನ ಸಿಕ್ಕರೆ ಅದೃಷ್ಟದಿಂದ ಸಿಗಬೇಕು, ಇಲ್ಲ ಅಂದರೆ ಇನ್ನೊಬ್ಬ ಲ್ಯುಕಾ ಬಂದು ಪರೀಕ್ಷೆ ಮಾಡೋ ವಿಧಾನವನ್ನೇ ಬದಲಾಯಿಸಬೇಕು.

ಮುಂದಿನ ಸೋಮವಾರದಿಂದ ಸಂಘದ ಬೋರ್ಡ್‌ನಲ್ಲಿ 8191ರ ಪರೀಕ್ಷೆಯ ಹನ್ನೊಂದು ಹೆಜ್ಜೆ ಬರೆದು ಹಾಕ್ತೀವಿ. ಒಂದು ಹೆಜ್ಜೆಯಲ್ಲಿ ಬೇಕು ಅಂತಲೇ ತಪ್ಪು ಶೇಷ ಬರೆದಿರ್ತೀವಿ. ಯಾವುದು ಅಂತ ಹೇಳಿದರೆ ಸಾಲದು, ಹೇಗೆ ಗೊತ್ತಾಯ್ತು ಅಂತ ಪಕ್ಕದಲ್ಲಿ ಬರೀಬೇಕು. ಕನ್ನಡದಲ್ಲಿ.